ಕಾರಿನೊಳಗೆ ಸಿಹಿ ವಾಸನೆ, ಮೇಲೇರುವ ಮುಳ್ಳು: ಎಲ್ಲಿಂದ ಹುಡುಕಬೇಕು?

ಪ್ರಶ್ನೆ (ಚಿತ್ರದುರ್ಗದಿಂದ)

ನಮಸ್ಕಾರ. ನನ್ನದು 2006ರ ಪೆಟ್ರೋಲ್ ಕಾರು, 1100 ಸಿಸಿ ಎಂಜಿನ್, 1,38,000 ಕಿ.ಮೀ. ಓಡಿದೆ. ವಾರಕ್ಕೊಮ್ಮೆ ದಾವಣಗೆರೆಗೆ ಹೋಗಿ ಬರುತ್ತೇನೆ. ಒಂದು ತಿಂಗಳಿಂದ, ಭರಮಸಾಗರ ದಾಟುವ ಹೊತ್ತಿಗೆ ಕಾರಿನೊಳಗೆ ಬೆಲ್ಲದ ಪಾಕ ಕಾಯಿಸಿದಂತಹ ಸಿಹಿ ವಾಸನೆ ಬರುತ್ತಿದೆ. ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮಧ್ಯದಲ್ಲಿಯೇ ಇರುತ್ತದೆ. ದಾವಣಗೆರೆಯ ಗಾಂಧಿ ವೃತ್ತದ ಬಳಿ ವಾಹನ ದಟ್ಟಣೆಯಲ್ಲಿ ಐದಾರು ನಿಮಿಷ ನಿಂತರೆ ಏರತೊಡಗುತ್ತದೆ. ಕಳೆದ ವಾರ ಕೆಂಪು ಗೆರೆಯನ್ನೇ ಮುಟ್ಟಿತು. ಆದರೆ ಬಾನೆಟ್ ತೆರೆದು ನೋಡಿದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಾಟಲಿ ಯಾವಾಗಲೂ ತುಂಬಿಯೇ ಇರುತ್ತದೆ. ಒಬ್ಬರು ರೇಡಿಯೇಟರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಸಿಲಿಂಡರುಗಳ ಮೇಲಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ (ಮೆಕ್ಯಾನಿಕ್, ದಾವಣಗೆರೆ)

ಸದ್ಯಕ್ಕೆ ಎರಡನ್ನೂ ನಂಬಬೇಡಿ. ಏನನ್ನೂ ಬಿಚ್ಚದೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ ತಿಳಿದುಕೊಳ್ಳಬಹುದಾದ ಸಂಗತಿಗಳು ಇನ್ನೂ ಬಹಳಷ್ಟು ಉಳಿದಿವೆ.

ಮೊದಲು ಬಾಟಲಿಯ ಮಾತು. ನಿಮ್ಮಂತಹ ಕಾರುಗಳಲ್ಲಿ ಒತ್ತಡ ತಡೆಯುವ ಮುಚ್ಚಳ ಇರುವುದು ರೇಡಿಯೇಟರಿನ ಮೇಲೆ, ಬಾಟಲಿಯಲ್ಲಿ ಒತ್ತಡವಿರುವುದಿಲ್ಲ. ಎಂಜಿನ್ ಕಾದಾಗ ಹಿಗ್ಗಿದ ಕೂಲಂಟ್ ಮುಚ್ಚಳದ ಸ್ಪ್ರಿಂಗನ್ನು ಎತ್ತಿ ಬಾಟಲಿಗೆ ಹೋಗುತ್ತದೆ, ಎಂಜಿನ್ ಆರಿದಾಗ ಒಳಗೆ ಉಂಟಾಗುವ ನಿರ್ವಾತ ಅದನ್ನು ಬಾಟಲಿಯಿಂದ ಮರಳಿ ಎಳೆದುಕೊಳ್ಳುತ್ತದೆ. ಎಲ್ಲಿಯಾದರೂ ಸೋರಿಕೆ ಇದ್ದರೆ ಅಥವಾ ಮುಚ್ಚಳದ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ, ಆರುವಾಗ ಕೂಲಂಟಿನ ಬದಲು ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಆಗ ಬಾಟಲಿ ತುಂಬಿದಂತೆಯೇ ಕಾಣುತ್ತದೆ, ರೇಡಿಯೇಟರ್ ದಿನೇ ದಿನೇ ಬರಿದಾಗುತ್ತದೆ. ಬಾಟಲಿಯನ್ನು ನೋಡಿ ಸಮಾಧಾನಪಟ್ಟುಕೊಂಡು ಎಂಜಿನ್ ಹಾಳು ಮಾಡಿಕೊಂಡವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಆದುದರಿಂದ ನಾಳೆ ಬೆಳಿಗ್ಗೆ, ರಾತ್ರಿಯಿಡೀ ಆರಿದ ಎಂಜಿನ್ನಿನಲ್ಲಿ, ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ. ಬಿಸಿ ಇರುವಾಗ ಯಾವ ಕಾರಣಕ್ಕೂ ತೆರೆಯಬೇಡಿ. ಚಿತ್ರದುರ್ಗದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೆ ಕುದಿಯುತ್ತದೆ, 0.9 ಬಾರ್ ಒತ್ತಡ ತಡೆಯುವ ಮುಚ್ಚಳದ ಕೆಳಗೆ ಅದೇ ನೀರು 117 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ನನ್ನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬನ ಮುಂಗೈ ಮೇಲೆ ಆ ಗುರುತು ಇಂದಿಗೂ ಇದೆ.

ಎರಡನೆಯದು, ವಾಸನೆ ಹೊರಗಿನದೋ ಒಳಗಿನದೋ ಎಂಬುದನ್ನು ಗೊತ್ತುಮಾಡಿಕೊಳ್ಳಿ. ರಾತ್ರಿ ಎಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಕಲೆ ಕಂಡರೆ ರೇಡಿಯೇಟರ್, ಹೋಸ್ ಅಥವಾ ವಾಟರ್ ಪಂಪಿನ ಕಡೆ ನೋಡಬೇಕು. ಅಂತಹ ಜಾಗದಲ್ಲಿ ಒಣಗಿದ ಕೂಲಂಟ್ ಬಿಳಿ ಅಥವಾ ಹಸಿರು ಪುಡಿಯಂತೆ ಅಂಟಿಕೊಂಡಿರುತ್ತದೆ. ರಟ್ಟು ಒಣಗಿಯೇ ಇದ್ದರೆ ಮುಂದಿನ ಎಡ ಸೀಟಿನ ಬಳಿ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ. ಎಸಿಯ ನೀರು ಹೊರಹೋಗುವ ನಳಿಕೆ ಕಟ್ಟಿಕೊಂಡರೂ ಅಲ್ಲಿ ತೇವವಾಗುತ್ತದೆ, ಆದರೆ ಅದು ಬರಿಯ ನೀರು, ಬೆರಳಿನಿಂದ ಬೇಗ ಒಣಗುತ್ತದೆ. ಕೂಲಂಟ್ ಜಾರುತ್ತದೆ, ಅಂಟುತ್ತದೆ, ಸಿಹಿಯಾಗಿ ನಾರುತ್ತದೆ. ಮೂಸಿ ನೋಡಿದರೆ ಸಾಕು, ನಾಲಿಗೆಗೆ ಮುಟ್ಟಿಸಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿ ಎಂಬ ಕಾರಣಕ್ಕೆ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅದು ಅಷ್ಟೇ ಅಪಾಯ. ಹಳೆಯ ಕೂಲಂಟನ್ನು ಮನೆಯ ಮುಂದಿನ ಚರಂಡಿಗೆ ಚೆಲ್ಲುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಮುಂಗಾಜಿನ ಒಳಬದಿಯನ್ನೂ ಬೆರಳಿನಿಂದ ಒರೆಸಿ ನೋಡಿ ತಿಳಿಸಿ.

ಮತ್ತೆ ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ನೋಡಿದೆ. ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ರೇಡಿಯೇಟರ್ ತೆರೆದರೆ ನೀರೇ ಕಾಣಲಿಲ್ಲ. ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಎಡ ಸೀಟಿನ ಮುಂದೆ ಕಾರ್ಪೆಟ್ಟಿನ ಅಡಿಯ ಹತ್ತಿ ಒದ್ದೆಯಾಗಿದೆ, ಕೈಗೆ ಅಂಟುತ್ತದೆ. ಗಾಜಿನ ಒಳಬದಿಯಲ್ಲಿ ಎಣ್ಣೆ ಸವರಿದಂತಹ ತೆಳು ಪೊರೆ ಇದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಮಸುಕಾಗುತ್ತದೆ. ಇನ್ನೊಂದು ಸಂಗತಿ: ಎಸಿ ಹಾಕಿದರೆ ರೇಡಿಯೇಟರಿನ ಫ್ಯಾನ್ ತಿರುಗುತ್ತದೆ, ಎಸಿ ಇಲ್ಲದಿದ್ದರೆ ಮುಳ್ಳು ಮೇಲೇರಿದರೂ ತಿರುಗುವುದಿಲ್ಲ. ಹಾಗಾದರೆ ಫ್ಯಾನ್ ಸ್ವಿಚ್ಚನ್ನೂ ಬದಲಿಸಬೇಕೆ?

ಉತ್ತರ

ಬೇಡ, ಸ್ವಲ್ಪ ತಾಳಿ. ನೀವು ಕೊಟ್ಟ ವಿವರಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್ ಇದೆ. ಎಂಜಿನ್ನಿನ ಬಿಸಿ ಕೂಲಂಟ್ ಎರಡು ಹೋಸುಗಳ ಮೂಲಕ ಅದರೊಳಗೆ ಹೋಗಿ ಬರುತ್ತದೆ. ಅದರ ಕೊಳವೆಯೋ ಜೋಡಣೆಯೋ ಸವೆದು ಹನಿಯತೊಡಗಿದರೆ ಕೂಲಂಟ್ ನೆಲಕ್ಕೆ ಬೀಳದೆ ಕಾರಿನೊಳಗೇ ಇಳಿಯುತ್ತದೆ, ಅದರ ಆವಿ ಗಾಳಿಯ ಕಿಂಡಿಯಿಂದ ಬಂದು ಗಾಜಿನ ಮೇಲೆ ಪೊರೆಯಾಗಿ ಕೂರುತ್ತದೆ. ವಾಸನೆ ಭರಮಸಾಗರದ ಹೊತ್ತಿಗೆ ಆರಂಭವಾಗುವುದಕ್ಕೂ ಇದೇ ಕಾರಣವಿರಬೇಕು: ಎಂಜಿನ್ ಪೂರ್ತಿ ಕಾದು ಒತ್ತಡ ಏರಿದ ಮೇಲಷ್ಟೇ ಇಂತಹ ಸಣ್ಣ ಸೋರಿಕೆ ಬಾಯಿ ಬಿಡುತ್ತದೆ.

ಇನ್ನು ಬಿಸಿಯಾಗುವುದು. ಒಂದು ಲೀಟರ್ ಕಡಿಮೆಯಾದ ಕಡೆ ಗಾಳಿ ನಿಂತಿರುತ್ತದೆ. ಹೆದ್ದಾರಿಯಲ್ಲಿ ಪಂಪ್ ಜೋರಾಗಿ ತಿರುಗುವುದರಿಂದಲೂ ಎದುರುಗಾಳಿ ರೇಡಿಯೇಟರನ್ನು ತಣಿಸುವುದರಿಂದಲೂ ಉಳಿದ ಕೂಲಂಟೇ ಹೇಗೋ ನಿಭಾಯಿಸುತ್ತದೆ. ನಿಂತಾಗ ಎರಡೂ ಇಲ್ಲ. ಫ್ಯಾನನ್ನು ಎಬ್ಬಿಸುವ ಸ್ವಿಚ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿಯನ್ನು ಅರಿಯುತ್ತದೆ, ಗಾಳಿಯಲ್ಲಿ ನೇತಾಡುತ್ತಿದ್ದರೆ ಅರಿಯುವುದಿಲ್ಲ. ಎಸಿ ಹಾಕಿದಾಗ ತಿರುಗುತ್ತದೆ ಎಂದರೆ ಫ್ಯಾನಿನ ಮೋಟಾರು ಸರಿಯಾಗಿದೆ. ಸೋರಿಕೆ ನಿಲ್ಲಿಸಿ, ಗಾಳಿ ತೆಗೆದು, ಪೂರ್ತಿ ತುಂಬಿಸಿದ ಮೇಲೂ ತಿರುಗದಿದ್ದರೆ ಆಗ ಸ್ವಿಚ್ ಮತ್ತು ರಿಲೇ ನೋಡೋಣ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ ಕೊಡಲೇಬೇಕು. ಕೆಂಪಿನತ್ತ ಏರಿದ ಮುಳ್ಳು ಕಾರು ಓಡುತ್ತಿರುವಾಗಲೇ ತಟ್ಟನೆ ಇಳಿದರೆ ಎಂಜಿನ್ ತಣ್ಣಗಾಯಿತೆಂದು ತಿಳಿಯಬೇಡಿ. ಕೂಲಂಟ್ ಸೆನ್ಸರಿಗಿಂತ ಕೆಳಗೆ ಇಳಿದಿರಬಹುದು. ಆಗ ಸೆನ್ಸರ್ ಅಳೆಯುವುದು ಗಾಳಿಯನ್ನು. ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಪರೀಕ್ಷೆ ಸುಲಭ. ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಹತ್ತು ಹದಿನೈದು ನಿಮಿಷ ಮೀಟರ್ ನೋಡಬೇಕು. ಹೆಡ್ ಗ್ಯಾಸ್ಕೆಟ್ ಅನುಮಾನಕ್ಕೆ ಬೇರೆ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಲ್ಲಿ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸಿದಾಗ, ಸಿಲಿಂಡರಿನ ಹೊಗೆ ಅದರಲ್ಲಿ ಬೆರೆತಿದ್ದರೆ ದ್ರವ ಹಳದಿಯಾಗುತ್ತದೆ. ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣವಾಗಲಿ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆಯಾಗಲಿ ನಿಮ್ಮಲ್ಲಿ ಕಂಡಿಲ್ಲವಾದರೂ, ಒಮ್ಮೆ ಕೆಂಪು ಮುಟ್ಟಿದ ಎಂಜಿನ್ ಆದ್ದರಿಂದ ಇದನ್ನು ಮಾಡಿಸಿಯೇ ತೀರಿ. ಈ ಎರಡು ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ.

ಹಿರಿಯೂರಿನಿಂದ ಇನ್ನೊಬ್ಬರ ಪ್ರಶ್ನೆ

ಇದೇ ವಿಷಯಕ್ಕೆ ಸೇರಿದ ಅನುಮಾನ. ನಮ್ಮ ಕಡೆಯ ಬಿಸಿಲಿಗೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ಬೇಡವೆಂದು ನನ್ನ ಕಾರಿನದನ್ನು ತೆಗೆದುಹಾಕಿದ್ದಾರೆ. ಕೂಲಂಟ್ ಬದಲು ಬೋರ್‌ವೆಲ್ ನೀರನ್ನೇ ಹಾಕುತ್ತೇನೆ. ಎರಡು ವರ್ಷವಾಯಿತು, ತೊಂದರೆ ಕಂಡಿಲ್ಲ. ಮುಂದುವರಿಸಬಹುದೆ?

ಉತ್ತರ

ಮುಂದುವರಿಸಬೇಡಿ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಈ ಸಲಹೆ ಕೊಡುವವರು ನನ್ನ ಕಸುಬಿನವರೇ. ಹೊರಗೆ 40 ಡಿಗ್ರಿ ಇದ್ದರೂ ಎಂಜಿನ್ನಿಗೆ ಅದು ತಂಪೇ; ಅದರ ಕೆಲಸಕ್ಕೆ 90ರ ಆಸುಪಾಸು ಬೇಕು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಕಾಯಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತಿರುತ್ತದೆ, ಬಿಸಿ ಇನ್ನೂ ಹೆಚ್ಚುತ್ತದೆ. ಕೆಟ್ಟಿದೆ ಎಂಬ ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದು ಕೊರೆದಿದ್ದರೆ ಆ ಬಿಸಿಯ ಹತ್ತಿರ ತೆರೆಯಲಾರಂಭಿಸಬೇಕು.

ಬೋರ್‌ವೆಲ್ ನೀರಿನ ಪರಿಣಾಮವನ್ನು ನೋಡಬೇಕೆಂದರೆ ನಿಮ್ಮ ಬಚ್ಚಲ ಮನೆಯ ಹಂಡೆಯೊಳಗೆ ನೋಡಿ. ಅಲ್ಲಿ ಕಟ್ಟಿರುವ ಬಿಳಿ ಗಾರೆಯೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ, ಆದರೆ ಆ ಕೊಳವೆಗಳ ಒಳಗಿನ ಜಾಗ ಒಂದೆರಡು ಮಿಲಿಮೀಟರ್ ಮಾತ್ರ. ಇಂತಹ ನೀರು ಕುಡಿದ ಒಂದು ರೇಡಿಯೇಟರನ್ನು ನಾನು ಗರಗಸದಲ್ಲಿ ಕೊಯ್ದು ನೋಡಿದ್ದೇನೆ. ಮಧ್ಯದ ಸಾಲುಗಳಲ್ಲಿ ಗುಂಡುಸೂಜಿ ತೂರಿಸಲೂ ಜಾಗವಿರಲಿಲ್ಲ. ತುಕ್ಕು ತಡೆಯುವ ಅಂಶ ನೀರಿನಲ್ಲಿಲ್ಲದ ಕಾರಣ ಹೀಟರ್ ಕೋರ್, ವಾಟರ್ ಪಂಪ್ ಎರಡೂ ಒಳಗಿನಿಂದಲೇ ಸವೆಯುತ್ತವೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮ ಸಮ ಬೆರೆಸಿ ಹಾಕಿ. ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿದ ನೀರು ಹಾಕುವುದು ತಪ್ಪಲ್ಲ; ಅದನ್ನು ಹಾಗೆಯೇ ಬಿಡುವುದು ತಪ್ಪು.

ಮತ್ತೆ ಮೊದಲು ಕೇಳಿದವರು

ಪರೀಕ್ಷೆ ಮಾಡಿಸಿದೆ. 0.9 ಬಾರ್ ಕೊಟ್ಟ ಮೀಟರ್ ಹತ್ತು ನಿಮಿಷದಲ್ಲಿ 0.6ಕ್ಕೆ ಇಳಿಯಿತು, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹನಿ ಬಿದ್ದದ್ದನ್ನು ನಾನೇ ಕಂಡೆ. ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಹೊಸ ಹೀಟರ್ ಕೋರ್ ಬರಲು ಒಂದು ವಾರವಾಗುತ್ತದಂತೆ. ಅಲ್ಲಿಯವರೆಗೆ ಕಾರು ಓಡಿಸಬಹುದೆ?

ಉತ್ತರ

ಓಡಿಸಬಹುದು. ಹೀಟರಿಗೆ ಹೋಗುವ ಹೋಸನ್ನೂ ಬರುವ ಹೋಸನ್ನೂ ಕಳಚಿ ಒಂದಕ್ಕೊಂದು ಜೋಡಿಸಿಕೊಡಲು ಹೇಳಿ. ಎರಡರ ಬಾಯಿಗೂ ಬಿರಡೆ ಹಾಕಿಸಬೇಡಿ. ಕೆಲವು ಎಂಜಿನ್‌ಗಳಿಗೆ ಆ ಹರಿವು ಬೇಕಾಗುತ್ತದೆ. ಅಷ್ಟು ದಿನ ಹೀಟರ್ ಇರುವುದಿಲ್ಲ, ನಮ್ಮ ಊರುಗಳಲ್ಲಿ ಅದರಿಂದ ಕಷ್ಟವಿಲ್ಲ. ಆದರೆ ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋದಾಗ ಗಾಜಿನ ಮಂಜು ಬಿಡಿಸಲು ಬೇಕೇ ಬೇಕು, ಹಾಗಾಗಿ ಜೋಡಿಸಿದ್ದನ್ನೇ ಕಾಯಂ ಮಾಡಿಬಿಡಬೇಡಿ. ಮುಚ್ಚಳವನ್ನು ಅದೇ ಒತ್ತಡದ ಹೊಸದಕ್ಕೆ ಇವತ್ತೇ ಬದಲಿಸಿ.

ತುಂಬಿಸುವಾಗ ಕಾರಿನ ಮುಂಭಾಗ ತುಸು ಎತ್ತರದಲ್ಲಿರಲಿ. ತಣ್ಣಗಿನ ಎಂಜಿನ್ನಿನಲ್ಲಿ ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ಗುಳ್ಳೆಗಳು ನಿಲ್ಲುವವರೆಗೆ ನಿಧಾನವಾಗಿ ಸುರಿಯಬೇಕು. ಥರ್ಮೋಸ್ಟಾಟ್ ತೆರೆದ ಹೊತ್ತಿಗೆ ಮಟ್ಟ ಒಮ್ಮೆಲೇ ಇಳಿಯುತ್ತದೆ. ಮತ್ತೆ ತುಂಬಿಸಿ ಮುಚ್ಚಿ, ಫ್ಯಾನ್ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಸತತ ಮೂರು ದಿನ ಬೆಳಿಗ್ಗೆ ರೇಡಿಯೇಟರಿನ ಮಟ್ಟ ನೋಡಿ. ಕಾರ್ಪೆಟ್ಟಿನ ಅಡಿಯ ಹತ್ತಿಯನ್ನು ಹೊರತೆಗೆದು ಬಿಸಿ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಅದನ್ನು ಹಾಗೆಯೇ ಬಿಟ್ಟರೆ ಸೋರಿಕೆ ನಿಂತ ಮೇಲೂ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ, ಹೊಸ ಕೋರೂ ಸೋರುತ್ತಿದೆಯೇನೋ ಎಂದು ನೀವು ವೃಥಾ ಗಾಬರಿಪಡುತ್ತೀರಿ.