ಡಿಎಪಿ ಚೀಲದ ಹಿಂದೆ ಪಶ್ಚಿಮ ಸಹಾರಾ ಇದೆಯಾ?

ಗೊಬ್ಬರದಂಗಡಿ ದಾವಣಗೆರೆ:
ನಮ್ಮದು ಗೊಬ್ಬರ, ಬೀಜದ ಅಂಗಡಿ. ಮುಂಗಾರು ಶುರುವಾದರೆ ಎಲ್ಲರೂ ಕೇಳೋದು ಡಿಎಪಿ. ಕಾಲೇಜಿಗೆ ಹೋಗುವ ಮಗಳು ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ಇದಕ್ಕೆ ಹಾಕೋ ರಂಜಕದ ಕಲ್ಲನ್ನ ಮೊರಾಕೊದವರು ಬೇರೆಯವರ ನೆಲದಿಂದಲೂ ಅಗೆದು ಮಾರ್ತಾರಂತೆ" ಅಂದಳು. ನಿಜವಾ? ನಿಜವಾದರೆ ಆ ನೆಲದ ಜನಕ್ಕೆ ಕಾನೂನಿನ ರಕ್ಷಣೆ ಏನೂ ಇಲ್ವಾ?

ಕಾರವಾರದ ಎಂಜಿನಿಯರ್ (ನಿವೃತ್ತ):
ಮಗಳು ಹೇಳಿದ್ದು ನಿಜ ಸರ್. ನಾನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಇದ್ದವನು. ಮೊರಾಕೊದ ದಕ್ಷಿಣಕ್ಕೆ ಅಂಟಿಕೊಂಡಿರೋ ಪಶ್ಚಿಮ ಸಹಾರಾದಲ್ಲಿ ಬೂ ಕ್ರಾ ಅಂತ ಗಣಿ ಇದೆ. ಅಲ್ಲಿಂದ ಲಾಯೂನ್ ಬಂದರಿಗೆ ಸುಮಾರು 100 ಕಿ.ಮೀ. ಉದ್ದದ ಕನ್ವೇಯರ್ ಬೆಲ್ಟ್. ಕಲ್ಲು ಮರುಭೂಮಿ ದಾಟಿ ನೇರ ಹಡಗಿಗೇ ಬರುತ್ತದೆ. ಲೋಡ್ ಆಗುವಾಗ ಡೆಕ್ ಎಲ್ಲ ಬಿಳಿ ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಮೇಲೆ ಬರೋ ಹಾಗಿಲ್ಲ.

ಅಲ್ಲಿನ ಮೂಲ ಜನ ಸಹ್ರಾವಿಗಳು. ಮೊದಲು ಸ್ಪೇನ್ ಆಳುತ್ತಿತ್ತು. 1975ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಈ ನೆಲದ ಮೇಲೆ ಮೊರಾಕೊಗೆ ಒಡೆತನದ ಹಕ್ಕಿತ್ತು ಅನ್ನೋಕೆ ಆಧಾರ ಇಲ್ಲ, ಜನರೇ ತಮ್ಮ ಭವಿಷ್ಯ ತೀರ್ಮಾನಿಸಲಿ ಅಂತು. ಕೆಲವೇ ವಾರದಲ್ಲಿ ಮೊರಾಕೊ ಒಳಗೆ ಬಂತು. ಬಹಳಷ್ಟು ಜನ ಆಲ್ಜೀರಿಯಾದ ತಿಂದೂಫ್ ಹತ್ತಿರದ ಡೇರೆಗಳಿಗೆ ಓಡಿದರು, ಅವರ ಮೊಮ್ಮಕ್ಕಳೂ ಈಗ ಅಲ್ಲೇ. 1991ರಲ್ಲಿ ಮೊರಾಕೊ ಮತ್ತು ಸಹ್ರಾವಿ ಹೋರಾಟಗಾರರ ನಡುವೆ ಕದನ ವಿರಾಮ ಆಯಿತು, ಜನಮತ ಕೇಳ್ತೀವಿ ಅಂತ ವಿಶ್ವಸಂಸ್ಥೆ ತಂಡವೂ ಬಂತು. ಯಾರು ಮತದಾರರು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಆ ತಂಡಕ್ಕೆ ಮಾನವ ಹಕ್ಕುಗಳ ಮೇಲೆ ಕಣ್ಣಿಡುವ ಅಧಿಕಾರವನ್ನೂ ಕೊಟ್ಟಿಲ್ಲ, ನೋಡಿ!

ನೇರಮಾತು:
ಮೊರಾಕೊ ಅಲ್ಲಿ ರಸ್ತೆ, ಬಂದರು ಎಲ್ಲ ಮಾಡಿದೆ. ಕೆಲಸವೂ ಕೊಟ್ಟಿದೆ. ಅಲ್ಲಿರೋ ಜನಕ್ಕೆ ಲಾಭವೇ ಅಲ್ವಾ? ಸುಮ್ನೆ ಯಾಕೆ ಗಲಾಟೆ?

ಕಾರವಾರದ ಎಂಜಿನಿಯರ್ (ನಿವೃತ್ತ):
ಲಾಭದ ಲೆಕ್ಕ ಆಮೇಲೆ. ಮೊದಲು ಒಪ್ಪಿಗೆ ಕೇಳಿದ್ರಾ? ಯುರೋಪ್ ಒಕ್ಕೂಟ ಮೊರಾಕೊ ಜೊತೆ ಮಾಡಿಕೊಂಡ ಮೀನು ಮತ್ತು ಕೃಷಿ ಸರಕಿನ ಒಪ್ಪಂದಗಳ ಬಗ್ಗೆ ಯುರೋಪಿನ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಎತ್ತಿದ್ದು ಇದೇ ಪ್ರಶ್ನೆ. ಈಗ ಅಲ್ಲಿ ವಾಸ ಇರೋರಲ್ಲಿ ಬಹಳಷ್ಟು ಮಂದಿ ಹೊರಗಿನಿಂದ ಬಂದು ನೆಲೆಸಿದವರು. ಅವರನ್ನ ಕೇಳಿದರೆ ಸಹ್ರಾವಿಗಳನ್ನ ಕೇಳಿದ ಹಾಗೆ ಆಗಲ್ಲ ಅಂತು ಕೋರ್ಟು.

ನನ್ನ ಅನುಭವದಲ್ಲಿ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಸರಕಿನ ಬೆನ್ನು ಹತ್ತಿದ್ದು. 2017ರ ಮೇನಲ್ಲಿ ಚೆರ್ರಿ ಬ್ಲಾಸಮ್ ಅನ್ನೋ ಹಡಗು ಈ ಕಲ್ಲು ತುಂಬಿಕೊಂಡು ನ್ಯೂಜಿಲೆಂಡಿಗೆ ಹೊರಟಿತ್ತು. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ಸಹ್ರಾವಿಗಳು ಕೋರ್ಟಿಗೆ ಹೋಗಿ ತಡೆ ತಂದರು. ಮುಂದಿನ ವರ್ಷ, ಸರಕು ಸಹ್ರಾವಿಗಳದ್ದೇ ಅಂತ ತೀರ್ಪಾಯಿತು. ಹರಾಜಿಗಿಟ್ಟರೆ ಕೊಳ್ಳೋರು ಬರಲಿಲ್ಲ, ಅದು ಬೇರೆ ಮಾತು. ಆದರೆ ಅಷ್ಟು ದಿನ ನಿಂತ ಹಡಗಿನ ಖರ್ಚು ಯಾರಿಗೆ ಬೇಕು? ಆಮೇಲೆ ಈ ಕಲ್ಲು ಹೊತ್ತು ನ್ಯೂಜಿಲೆಂಡಿಗೆ ಹೋಗೋ ಹಡಗುಗಳು ಆ ದಾರಿಯನ್ನೇ ಬಿಟ್ಟು ದಕ್ಷಿಣ ಅಮೆರಿಕಾ ಸುತ್ತಿ ಹೋಗತೊಡಗಿದವು. ಅದೇ ಮೇ ತಿಂಗಳಲ್ಲಿ ಪನಾಮಾದಲ್ಲೂ ಇನ್ನೊಂದು ಹಡಗನ್ನ ತಡೆದಿದ್ದರು, ಅಲ್ಲಿನ ಕೋರ್ಟು ಬಿಟ್ಟು ಕಳಿಸಿತು. ಎಲ್ಲ ಕಡೆ ಗೆಲ್ಲಲ್ಲ.

ಗೊಬ್ಬರದಂಗಡಿ ದಾವಣಗೆರೆ:
ಹಾಗಾದ್ರೆ ಚೀಲದ ಮೇಲೆ "ಮೊರಾಕೊ" ಅಂತ ಇದ್ದರೆ ಇದೇ ಕಲ್ಲು ಅಂತಲಾ? ನಮ್ಮ ದೇಶ ಏನಂತದೆ?

ಕಾರವಾರದ ಎಂಜಿನಿಯರ್ (ನಿವೃತ್ತ):
ಹಾಗಲ್ಲ ಸರ್. ಮೊರಾಕೊದ ಕಲ್ಲು ಬಹುಪಾಲು ಅವರದೇ ಖುರಿಬ್ಗಾ ಗಣಿಯದ್ದು. ಡಿಎಪಿ ತಯಾರಾಗೋದು ಅಲ್ಲಿನ ಜೋರ್ಫ್ ಲಸ್ಫರ್‌ನಲ್ಲಿ. ಬೂ ಕ್ರಾದ್ದು ಕಲ್ಲಾಗಿಯೇ ಹೊರಗೆ ಹೋಗುತ್ತದೆ, ಒಡಿಶಾದ ಪಾರಾದೀಪದ ಗೊಬ್ಬರ ಕಾರ್ಖಾನೆಗೂ ಬಂದಿದೆ. ಹಾಗಾಗಿ ಅನುಮಾನ ಪಡೋದಾದರೆ ಭಾರತದಲ್ಲೇ ತಯಾರಾದ ಚೀಲದ ಬಗ್ಗೆ ಪಡಬೇಕು! ಭಾರತ 1985ರಲ್ಲಿ, ಸಹ್ರಾವಿಗಳು ತಮ್ಮದೇ ದೇಶ ಅಂತ ಸಾರಿಕೊಂಡ ಸಹ್ರಾವಿ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು, 2000ದಲ್ಲಿ ವಾಪಸ್ ಪಡೆಯಿತು. ಗೊಬ್ಬರ ನಮಗೆ ಬೇಕೇ ಬೇಕು, ದೆಹಲಿಯವರು ಸುಲಭಕ್ಕೆ ಬಾಯಿ ಬಿಡಲ್ಲ. ನೀವು ಡೀಲರ್ ಮೀಟಿಂಗಿಗೆ ಹೋದಾಗ ಕಂಪನಿಯವರನ್ನ ಒಂದು ಮಾತು ಕೇಳಿ: ಕಲ್ಲು ಖುರಿಬ್ಗಾದ್ದಾ, ಬೂ ಕ್ರಾದ್ದಾ? ಲೋಡ್ ಆದ ಬಂದರಿನ ಹೆಸರು ಅವರ ಕಾಗದದಲ್ಲೇ ಇರುತ್ತದೆ.