ಮಗಳ ಸಂಬಳ, 83 ಸಾವಿರದ ಫೋನು: ಓದುಗರ ಸ್ಪಂದನ

ಹೋದ ಸಂಚಿಕೆಯಲ್ಲಿ ಗಂಗಾವತಿಯ ತಾಯಿಯೊಬ್ಬರು ತಮ್ಮ ಚಿಂತೆ ಬರೆದುಕೊಂಡಿದ್ದರು. ಮಗಳು ಬಳ್ಳಾರಿಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ವರ್ಷ ತುಂಬಿದೆ, ಸಂಬಳ 24 ಸಾವಿರ. ಈಗ ಕಂತಿನಲ್ಲಿ ಐಫೋನ್ 17 ತಗೋತೀನಿ ಅನ್ನುತ್ತಿದ್ದಾಳೆ. 2025ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 82,900 ರೂಪಾಯಿ. ‘15 ಸಾವಿರದ ಫೋನಿನಲ್ಲೂ ಮಾತಾಡಬಹುದು, ಫೋಟೋ ತೆಗೆಯಬಹುದು. ಅಷ್ಟು ದುಡ್ಡು ಕೊಡುವಂಥದ್ದು ಅದರಲ್ಲಿ ಏನಿದೆ? ಬೇಡ ಅಂದರೆ ಮಗಳು ಮಾತು ಬಿಡುತ್ತಾಳೆ. ಹೂಂ ಅಂದರೆ ಮನೆಯವರು ನನ್ನ ಮೇಲೆ ಹರಿಹಾಯುತ್ತಾರೆ’ ಎಂದು ಕೇಳಿದ್ದರು. ಪತ್ರಗಳು ರಾಶಿ ಬಂದಿವೆ. ಫೋನಿನ ಬಗ್ಗೆ ಬರೆದವರು ಕಡಿಮೆ. –ಸಂ.

ಅಕ್ಕಾವ್ರೇ, ನನಗೆ ಯಾವ ಬೆಲೆ ಹೇಳಿದರೂ ಭತ್ತದ ಲೆಕ್ಕದಲ್ಲೇ ತಲೆಗೆ ಹೋಗುವುದು. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಅಂದರೆ ಆ ಫೋನಿಗೆ 35 ಕ್ವಿಂಟಲ್. ನಮ್ಮ 75 ಕೆಜಿ ಚೀಲದಲ್ಲಿ 47 ಚೀಲ. ಎಕರೆಗೆ 40 ಚೀಲ ಬಂದರೆ ಚಲೋ ಬೆಳೆ ಅನ್ನುವವರು ನಾವು. ಅದರಲ್ಲಿ ಗೊಬ್ಬರ, ಔಷಧಿ, ನಾಟಿ ಆಳು, ಕಟಾವು ಮಷಿನ್ ಬಾಡಿಗೆ ಎಲ್ಲ ಕಳೆದು ಎಷ್ಟು ಉಳಿಯುತ್ತೆ ಅಂತ ಗಂಗಾವತಿಯವರಿಗೆ ನಾನು ಹೇಳಬೇಕಾಗಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ನಮ್ಮೂರಲ್ಲಿ ಯಾರೂ ನೆಟ್ಟಗೆ ಉಂಡಿಲ್ಲ. ನೀರೆಲ್ಲ ಹರಿದುಹೋದರೆ ಹಾಕಿದ ಬೆಳೆ ಏನು ಗತಿ ಅಂತ. ಆಮೇಲೆ ಆ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿದರು, ಡ್ಯಾಮು ಮತ್ತೆ ತುಂಬಿತು, ಬದುಕಿದೆವು. ಇದನ್ನೆಲ್ಲ ನೋಡಿದ ಮೇಲೆ 83 ಸಾವಿರವನ್ನು ಕಿಸೆಯಲ್ಲಿ ಇಟ್ಟುಕೊಂಡು ತಿರುಗೋದು ನನ್ನಿಂದಂತೂ ಆಗಲ್ಲ. ಹಾಗಂತ ನಿಮ್ಮ ಮಗಳು ಕಾಲುವೆ ನೀರಿಗೆ ಕಾಯುವವಳಲ್ಲ. ತಿಂಗಳಾದರೆ ಸಂಬಳ ಬರುತ್ತೆ. ನನ್ನ ಲೆಕ್ಕ ಆಕೆಗೆ ಹೊಂದಲಿಕ್ಕಿಲ್ಲ.
–ರೈತ, ಕಾರಟಗಿ

ಆ ದುಡ್ಡಿಗೆ ಬಂಗಾರ ಮಾಡಿಸಿಡಿ. ನಾಳೆ ಮದುವೆಗೆ ಆಗುತ್ತೆ. ಫೋನು ಅಡವಿಟ್ಟುಕೊಂಡು ಸಾಲ ಕೊಡುವವರು ಯಾರಿದ್ದಾರೆ?
–ಗೃಹಿಣಿ, ಸಿಂಧನೂರು

ಬಂಗಾರದ ಸಲಹೆ ಕೊಟ್ಟವರು ಬಹಳ ಮಂದಿ. ಎಲ್ಲರ ಪರವಾಗಿ ಒಂದನ್ನು ಹಾಕಿದ್ದೇವೆ. ಮೂಲ ಪತ್ರದಲ್ಲಿ ಮದುವೆಯ ಮಾತು ಇರಲಿಲ್ಲ. –ಸಂ.

ಮಗಳ ಸಂಬಳ ಎಷ್ಟು, ಅದನ್ನು ಹೇಗೆ ಖರ್ಚು ಮಾಡ್ತಾಳೆ ಅಂತ ಊರಿಗೆಲ್ಲ ಹೇಳಿದ್ದೀರಿ. ಯಜಮಾನರ ಸಂಬಳದ ಬಗ್ಗೆ ಎಂದಾದರೂ ಹೀಗೆ ಬರೆದಿದ್ದೀರಾ?
–ಓದುಗಳು, ಕೊಪ್ಪಳ

ಬಳ್ಳಾರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಮ್ಮಾ, ನೀವು ಕೇಳಿದ್ದು ಅಷ್ಟು ಬೆಲೆ ಬಾಳುತ್ತಾ ಅಂತ. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವವರಿಗೆ ಬಾಳಲ್ಲ. ಒಂದೇ ಫೋನನ್ನು ಆರು ವರ್ಷ ಜೋಪಾನ ಮಾಡುವವರಿಗೆ ಬಾಳುತ್ತೆ. 2019ರಲ್ಲಿ ಬಂದ ಐಫೋನ್ 11ಕ್ಕೆ 2025ರ ಸಾಫ್ಟ್‌ವೇರ್ ಐಓಎಸ್ 26 ಕೂಡ ಸಿಕ್ಕಿದೆ. ಹಳೇ ಆಂಡ್ರಾಯ್ಡ್ ಫೋನುಗಳಿಗೆ ಇಷ್ಟು ದಿನ ಸಿಗುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ಗೂಗಲ್‌ನವರು ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್‌ನವರು ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂದಿದ್ದಾರೆ. ಆದರೆ ಸೆಕೆಂಡ್ ಹ್ಯಾಂಡ್ ಮಾರುವಾಗ ಐಫೋನಿಗೆ ಸಿಗುವ ರೇಟು ಇವತ್ತಿಗೂ ಬೇರೆಯವಕ್ಕೆ ಸಿಗಲ್ಲ. ಇದು ನನ್ನ ಕೌಂಟರಿನ ಮಾತು.

ನಮ್ಮ ಕಡೆ ಯೋಚನೆ ಮಾಡಬೇಕಾದ್ದು ಬಿಸಿಲು. ಸುತ್ತಲಿನ ಶಾಖ 35 ಡಿಗ್ರಿ ಒಳಗಿದ್ದಾಗ ಬಳಸಿ ಅಂತ ಆಪಲ್ ಕಂಪನಿಯೇ ಹೇಳುತ್ತೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ದಾಟುತ್ತೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಬಂದವರು ‘ಸ್ಕ್ರೀನ್ ಕಪ್ಪಾಯ್ತು, ಥರ್ಮಾಮೀಟರ್ ಚಿತ್ರ ಬಂತು’ ಅಂತ ಗಾಬರಿಯಿಂದ ಓಡಿ ಬರ್ತಾರೆ. ಕೆಟ್ಟಿರಲ್ಲ, ಕಾದಿರುತ್ತೆ ಅಷ್ಟೇ. ನೆರಳಲ್ಲಿ ಇಟ್ಟರೆ ತಾನೇ ಸರಿಹೋಗುತ್ತೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರು ಹನಿಗಟ್ಟುತ್ತೆ. ಇಟ್ಟವರಿದ್ದಾರೆ! ಬಿಸಿಗೆ ಬ್ಯಾಟರಿ ಬೇಗ ಸೋಲೋದು ಎಲ್ಲ ಫೋನಿಗೂ ಇದ್ದದ್ದೇ. ಐಫೋನ್ 15ರಿಂದ ಈಚೆಗಿನವು ಸಾವಿರ ಸಲ ಪೂರ್ತಿ ಚಾರ್ಜ್ ಆದ ಮೇಲೂ ಬ್ಯಾಟರಿ 80 ಪರ್ಸೆಂಟ್ ಉಳಿಯುವಂತೆ ಮಾಡಿದವು. ಅದಕ್ಕಿಂತ ಹಿಂದಿನವಕ್ಕೆ ಈ ಲೆಕ್ಕ 500 ಸಲ.

ಡಿಸ್‌ಪ್ಲೇ ಒಡೆದರೆ ಮಾತ್ರ ಕಷ್ಟ. ಒರಿಜಿನಲ್ ಹಾಕಿಸುವ ದುಡ್ಡಿಗೆ ಒಂದು ಸಾಧಾರಣ ಹೊಸ ಫೋನೇ ಬರುತ್ತೆ. ಡಬ್ಬಿಯಲ್ಲಿ ಚಾರ್ಜರ್ ಇರಲ್ಲ, 2020ರಿಂದಲೇ ನಿಲ್ಲಿಸಿದ್ದಾರೆ. ಐಫೋನ್ 15ರಿಂದ ಟೈಪ್-ಸಿ ಇರುವುದರಿಂದ ಮನೆಯಲ್ಲಿರುವುದೇ ಆಗುತ್ತೆ.

ನನ್ನ ಕೇಳಿದರೆ ಒಂದೆರಡು ವರ್ಷ ಹಿಂದಿನ ಮಾಡೆಲ್ ತಗೊಳ್ಳಲಿ. ಕೈಬದಲಾದ ಫೋನು ಆದರೆ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ನೋಡಲಿ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಕಳವಿನದು ಅಂತ ಬ್ಲ್ಯಾಕ್‌ಲಿಸ್ಟ್ ಆಗಿದೆಯೋ ಇಲ್ಲವೋ ತಿಳಿಯುತ್ತೆ. ಮಾರುವವನು ತನ್ನ ಆಪಲ್ ಅಕೌಂಟನ್ನು ಎದುರಿಗೇ ತೆಗೆದುಕೊಡಬೇಕು. ‘ಮನೆಗೆ ಹೋಗಿ ತೆಗೀತೀನಿ’ ಅಂದರೆ ದುಡ್ಡು ಕೊಡಬೇಡಿ. ಅವನ ಅಕೌಂಟ್ ಉಳಿದರೆ ಫೋನು ಲಾಕ್ ಆಗುತ್ತೆ, ಆ ಲಾಕ್ ಬಿಡಿಸುವುದು ನನ್ನಂಥವರ ಕೈಲೂ ಆಗಲ್ಲ.
–ಮೊಬೈಲ್ ರಿಪೇರಿಯವ, ಬಳ್ಳಾರಿ

ಅಂತೂ ಒಬ್ಬರು ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟರು. ಮುಂದಿನ ಪತ್ರದಲ್ಲಿ ಪ್ರಶ್ನೆಗೆ ಪ್ರಶ್ನೆಯೇ ಬಂದಿದೆ. –ಸಂ.

ಅದರಲ್ಲಿ ಕನ್ನಡದಲ್ಲಿ ಬರೆಯಬಹುದೇ? ರಿಂಗ್ ಜೋರಾಗಿ ಕೇಳುವುದೇ? ನನಗೆ 74 ವರ್ಷ. ಮೊಮ್ಮಗ ಕೊಡಿಸಿದ ಫೋನಿನಲ್ಲಿ ಎಲ್ಲಾ ಇದೆ, ಕಾಲ್ ಬಂದದ್ದು ಮಾತ್ರ ಗೊತ್ತಾಗುವುದಿಲ್ಲ.
–ಹಿರಿಯ ಓದುಗ, ರಾಯಚೂರು

ಕನ್ನಡ ಕೀಬೋರ್ಡ್ ಇದೆ ಸರ್. ರಿಂಗ್ ವಿಷಯಕ್ಕೆ ಮೊಮ್ಮಗನನ್ನೇ ಕೂರಿಸಿಕೊಳ್ಳಿ. –ಸಂ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಫೋನಿನ ಗುಣ ನನಗೆ ತಿಳಿಯದು, ಕಂತಿನ ಗುಣ ತಿಳಿದಿದೆ. ‘ನೋ ಕಾಸ್ಟ್ ಇಎಂಐ’ ಅಂತ ಬೋರ್ಡ್ ಹಾಕಿರುತ್ತಾರೆ. ಸಾಲ ಕೊಟ್ಟವನು ಬಡ್ಡಿ ಬಿಡುವುದಿಲ್ಲ. ಮಾರುವವನು ಆ ಬಡ್ಡಿಯಷ್ಟನ್ನು ರಿಯಾಯಿತಿ ಅಂತ ತೋರಿಸುತ್ತಾನೆ, ಅಷ್ಟೇ. ಪೂರ್ತಿ ಹಣ ಒಟ್ಟಿಗೆ ಕೊಟ್ಟಿದ್ದರೆ ಆ ರಿಯಾಯಿತಿ ನಿಮಗೇ ಸಿಗುತ್ತಿತ್ತೋ ಏನೋ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಇದರ ಮೇಲೆ ಪ್ರೊಸೆಸಿಂಗ್ ಫೀ. ಕ್ರೆಡಿಟ್ ಕಾರ್ಡ್ ಕಂತಾದರೆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಫೋನಿನ ಬೆಲೆಯಲ್ಲೇ 12,600ಕ್ಕಿಂತ ಜಾಸ್ತಿ ಜಿಎಸ್‌ಟಿ ಕೂತಿದೆ ಅನ್ನುವುದೂ ನೆನಪಿರಲಿ.

24 ತಿಂಗಳ ಕಂತು ಅಂದರೆ ತಿಂಗಳಿಗೆ 3,454 ರೂಪಾಯಿ. ಸಂಬಳದಲ್ಲಿ ಏಳನೇ ಒಂದು ಪಾಲು. ಕಟ್ಟಬಲ್ಲಳು. ಆದರೆ ಖಾಸಗಿ ನೌಕರಿ. ನಡುವೆ ಕೆಲಸ ಬದಲಾಗಿ ಒಂದು ತಿಂಗಳು ಸಂಬಳ ತಪ್ಪಿದರೆ ಕಂತೂ ತಪ್ಪುತ್ತದೆ, ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. 300ರಿಂದ 900ರವರೆಗಿನ ಆ ಅಂಕಿ ಒಮ್ಮೆ ಕೆಳಗೆ ಬಿದ್ದರೆ ಮೇಲೆತ್ತುವುದು ನಿಧಾನ. ನಾಳೆ ಸ್ಕೂಟರ್ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ತಿಂಗಳಿಗೆ 6 ಸಾವಿರ ಆರ್‌ಡಿ ಕಟ್ಟಲಿ. 14 ತಿಂಗಳಿಗೆ ಅಸಲೇ 84 ಸಾವಿರ ಆಗುತ್ತದೆ. ಅಷ್ಟೊತ್ತಿಗೂ ಆಸೆ ಹಾಗೇ ಇದ್ದರೆ ಧಾರಾಳವಾಗಿ ಕೊಳ್ಳಲಿ.
–ನಿವೃತ್ತ ಬ್ಯಾಂಕ್ ನೌಕರ, ರಾಯಚೂರು

ಎಲ್ಲಾ ಶೋಕಿ. ಕನ್ನಡಿ ಮುಂದೆ ನಿಂತು, ಸೇಬಿನ ಗುರುತು ಕಾಣುವ ಹಾಗೆ ಹಿಡಿದು ಫೋಟೋ ತೆಗೆದುಕೊಳ್ಳಲಿಕ್ಕೆ ಬೇಕು, ಮತ್ತೇನಿಲ್ಲ. ನನ್ನ ಮಗನೂ ಇದೇ ಹಟ ಹಿಡಿದ, ತಗೊಂಡ. ಕಂತು ಈಗ ನಾನು ಕಟ್ಟುತ್ತಿದ್ದೇನೆ. ಫೋನು ಮಾಡಿದರೆ ಎತ್ತುವುದಿಲ್ಲ.
–ಒಬ್ಬ ತಂದೆ, ದೇವದುರ್ಗ

ಈ ತಂದೆಯ ಬೇಸರ ಅರ್ಥವಾಗುತ್ತದೆ. ಗಂಗಾವತಿಯ ಮಗಳು ಮಾತ್ರ ಯಾರ ಹತ್ತಿರವೂ ದುಡ್ಡು ಕೇಳಿಲ್ಲ. –ಸಂ.

ನಾನು ಕುಷ್ಟಗಿ ತಾಲ್ಲೂಕಿನವಳು. ದೇವನಹಳ್ಳಿ ಕಡೆ ಇದೇ ಫೋನು ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ. ಒಂದು ಪಾಳಿಯಲ್ಲಿ ಎಷ್ಟೋ ಫೋನು ಕೈ ದಾಟಿ ಹೋಗುತ್ತವೆ. ನಮ್ಮ ಸ್ವಂತ ಫೋನು ಒಳಗೆ ಒಯ್ಯುವ ಹಾಗಿಲ್ಲ. ನನ್ನದು 12 ಸಾವಿರದ್ದು, ಲಾಕರಿನಲ್ಲಿ ಇರುತ್ತೆ. ಚೆನ್ನಾಗಿದೆ ಆ ಫೋನು, ಸುಳ್ಳು ಯಾಕೆ ಹೇಳಲಿ. ನಮ್ಮ ರೂಮಿನ ಹುಡುಗಿಯರಿಗೆಲ್ಲ ಆಸೆ ಇದೆ. ಯಾರೂ ತಗೊಂಡಿಲ್ಲ. ಊರಿಗೆ ಹೋದಾಗ ‘ನೀನೇ ಮಾಡ್ತೀಯಲ್ಲ, ನಿನಗೆ ಕಮ್ಮಿಗೆ ಕೊಡಲ್ವಾ?’ ಅಂತ ಕೇಳ್ತಾರೆ. ಅಕ್ಕ ತಗೊಂಡರೆ ನನಗೆ ಖುಷಿ.
–ಕಾರ್ಮಿಕ ಹುಡುಗಿ

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಕುಳಿತು, ಮನಸ್ಸು ಬಾರದೆ ಹಾಗೇ ಹಾಕಿದ್ದೇವೆ. –ಸಂ.

ಬರೆಯಬಾರದು ಅಂತಲೇ ಇದ್ದೆ ತಾಯಿ. ಆದರೆ ನಿಮ್ಮ ಪತ್ರ ತಲೆಯಿಂದ ಹೋಗಲೊಲ್ಲದು.

ನಾನು ನಿವೃತ್ತ ಶಿಕ್ಷಕಿ. 1989ರಲ್ಲಿ ಒಂದು ಹಳ್ಳಿ ಶಾಲೆಯಲ್ಲಿ ನೌಕರಿ ಸಿಕ್ಕಿತು. ಸಂಬಳದ ದಿನ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ನಾನು ಕವರ್ ಹಾಗೇ ಅವರ ಕೈಗೆ ಕೊಡುತ್ತಿದ್ದೆ. ಬಸ್ಸಿನ ಖರ್ಚಿಗೆ ಅಂತ ಎಣಿಸಿ ಸ್ವಲ್ಪ ವಾಪಸ್ ಕೊಡುತ್ತಿದ್ದರು. ಆಗ ಎಲ್ಲರ ಮನೆಯಲ್ಲೂ ಅದೇ ರೂಢಿ. ತಪ್ಪು ಅಂತ ನನಗೂ ಅನ್ನಿಸಿರಲಿಲ್ಲ.

ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಒಂದಿಷ್ಟು ಕೂಡಿಟ್ಟಿದ್ದೆ. ರಾಯಚೂರಿಗೆ ಹೋದಾಗ ಅದರಲ್ಲಿ ಒಂದು ಎಚ್‌ಎಂಟಿ ವಾಚು ತಗೊಂಡೆ. ಹೆಂಗಸರದ್ದಲ್ಲ, ಗಂಡಸರದ್ದು. ಹೆಂಗಸರ ವಾಚಿನ ಡಯಲ್ಲು ಕಡಲೆಕಾಳಿನಷ್ಟಿರುತ್ತಿತ್ತು, ಪಾಠ ಮಾಡುವಾಗ ಮುಳ್ಳೇ ಕಾಣುತ್ತಿರಲಿಲ್ಲ. ತಗೊಂಡ ವಾಚಿನ ಪಟ್ಟಿ ನನ್ನ ಕೈಗೆ ಸಡಿಲ. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರ ಕಡೆ ಎರಡು ತೂತು ಜಾಸ್ತಿ ಹಾಕಿಸಿಕೊಂಡೆ. ಮಾನ್ವಿ ಬರುವವರೆಗೂ ಕಿಟಕಿ ಕಡೆ ನೋಡಲಿಲ್ಲ, ವಾಚೇ ನೋಡಿದ್ದು.

ಅವ್ವ ನೋಡಿದವಳೇ ‘ಎಷ್ಟಕ್ಕ ತಂದಿ?’ ಅಂದಳು. ಹೇಳಿದೆ. ‘ಸಾಲ್ಯಾಗ ಗಂಟಿ ಹೊಡೀತಾರಲ್ಲ, ನಿನಗ್ಯಾಕ ವಾಚು?’ ಅಂದಳು. ತಮ್ಮ ಆಗ ಪಿಯುಸಿ ಓದುತ್ತಿದ್ದ. ಪರೀಕ್ಷೆಗೆ ಬೇಕಾಗುತ್ತೆ ಅಂತ ವಾಚು ಅವನ ಕೈಗೆ ಹೋಯಿತು. ನಾನು ಹಾಕಿಸಿದ ತೂತುಗಳು ಅವನಿಗೆ ಬೇಕಾಗಲಿಲ್ಲ. ಪಟ್ಟಿ ಎಷ್ಟೋ ಸಲ ಬದಲಾಗಿದೆ, ವಾಚು ಇವತ್ತಿಗೂ ಅವನ ಹತ್ತಿರವೇ ಇದೆ. ‘ಚಲೋ ಮಾಲು ಅಕ್ಕ, ಕೀ ಕೊಟ್ರ ಸಾಕು’ ಅಂತ ನನಗೇ ತೋರಿಸುತ್ತಾನೆ. ಅದು ಯಾರದ್ದು ಅನ್ನುವುದು ಅವನಿಗೆ ನೆನಪಿಲ್ಲ. ನಾನೂ ಹೇಳಿಲ್ಲ.

ಆಮೇಲೆ ಎಲ್ಲಾ ಆಯಿತು. ಮನೆ ಕಟ್ಟಿಸಿದೆ, ಅವನ ಮಗಳ ಕಾಲೇಜು ಫೀಸು ಕಟ್ಟಿದೆ. ದುಡ್ಡು ಕೊಟ್ಟದ್ದಕ್ಕೆ ಒಂದಿಷ್ಟೂ ಬೇಜಾರಿಲ್ಲ. ಆದರೆ ಅವತ್ತಿನಿಂದ ನನಗೆ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಹೇಳುವುದನ್ನು ಬಿಟ್ಟೆ. ಸೀರೆ ಅಂಗಡಿಯಲ್ಲಿ ಈಗಲೂ ಮೊದಲು ರೇಟಿನ ಚೀಟಿ ನೋಡ್ತೀನಿ, ಆಮೇಲೆ ಬಣ್ಣ. ಪೆನ್ಶನ್ ಬರುತ್ತೆ, ಕೇಳುವವರು ಯಾರೂ ಇಲ್ಲ. ಆದರೂ ಹಾಗೇ.

ಆ ಫೋನು ಹೇಗಿದೆಯೋ ನನಗೆ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ‘ಮನೆಯವರು ನನ್ನ ಮೇಲೆ ಹರಿಹಾಯುತ್ತಾರೆ’ ಅನ್ನುವ ಮಾತು. ನಮ್ಮವ್ವನೂ ಅಪ್ಪನಿಗೆ ಹೆದರಿಯೇ ಹಾಗೆ ಮಾಡಿದ್ದಳೋ ಏನೋ. ಕೇಳೋಣ ಅಂದರೆ ಅವಳಿಲ್ಲ. ನಿಮ್ಮ ಮಗಳದು ರಾತ್ರಿಪಾಳಿ ಮಾಡಿ ಗಳಿಸಿದ ದುಡ್ಡು. ಕಂತು ಬೇಡ ಅನ್ನಿ, ಒಪ್ತೀನಿ. ಸ್ವಲ್ಪ ಅಗ್ಗದ್ದು ನೋಡು ಅನ್ನಿ, ಅದಕ್ಕೂ ಒಪ್ತೀನಿ. ‘ನಿನಗ್ಯಾಕೆ’ ಅಂತ ಮಾತ್ರ ಕೇಳಬೇಡಿ.
–ನಿವೃತ್ತ ಶಿಕ್ಷಕಿ, ಮಾನ್ವಿ

ಅಕ್ಕ ಹೊಸದು ತಗೊಂಡರೆ ಹಳೇ ಫೋನು ಏನು ಮಾಡ್ತಾರೆ? ಮಾರುವುದಿದ್ದರೆ ತಿಳಿಸಿ.
–ವಿದ್ಯಾರ್ಥಿ, ಲಿಂಗಸುಗೂರು

ಬಂದ ಪತ್ರಗಳನ್ನೆಲ್ಲ ಗಂಗಾವತಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಮಾನ್ವಿಯವರದು ಎಲ್ಲಕ್ಕಿಂತ ಮೇಲಿದೆ, ಅದರ ಕೆಳಗೆ ಬ್ಯಾಂಕಿನವರದು ಮತ್ತು ರಿಪೇರಿ ಅಂಗಡಿಯವರದು. ಮುಂದಿನ ಸಂಚಿಕೆಯ ಸಮಸ್ಯೆ ಯಲಬುರ್ಗಾದ ಇಬ್ಬರು ಅಣ್ಣತಮ್ಮಂದಿರದು. ಹೊಲ ಪಾಲಾಗಿದೆ, ಬೋರ್‌ವೆಲ್ ಒಂದೇ ಇದೆ. ಪತ್ರ 200 ಪದ ಮೀರದಿರಲಿ. ಈ ಸಲ ನೀವೇ ಆ ನಿಯಮ ಮುರಿದಿದ್ದೀರಿ ಅಂತ ಬರೆಯುವವರು ಅದನ್ನೂ 200 ಪದಗಳ ಒಳಗೇ ಬರೆಯಿರಿ. –ಸಂ.