ಹೊಸ ಗಪ್ಪಿಯ ಮೈಮೇಲೆ ಬಿಳಿ ಚುಕ್ಕೆಗಳು

ಪ್ರಶ್ನೆ: ನಾಲ್ಕು ದಿನಗಳ ಹಿಂದೆ ತಂದ ಗಪ್ಪಿ ಮೀನಿನ ರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಮೂಡಿವೆ, ಅದು ಆಹಾರ ಮುಟ್ಟದೆ ಕಲ್ಲುಗಳಿಗೆ ಮೈ ಉಜ್ಜುತ್ತಿದೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ 1: ಇದು ಬಿಳಿಚುಕ್ಕೆ ರೋಗದ ಲಕ್ಷಣ. ಈ ಪರಾವಲಂಬಿ ಜೀವಿಯು ಚರ್ಮದೊಳಗಿರುವಾಗ ಔಷಧಿ ಅದಕ್ಕೆ ತಗಲುವುದಿಲ್ಲ, ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಅದು ಸಾಯುತ್ತದೆ. ಆದ್ದರಿಂದ ನೀರಿನ ಉಷ್ಣತೆಯನ್ನು ಒಂದೆರಡು ದಿನಗಳಲ್ಲಿ ನಿಧಾನವಾಗಿ 28 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಅದರ ಜೀವನಚಕ್ರ ಚುರುಕಾಗಿ, ಬೇಗ ಔಷಧಿಗೆ ಸಿಕ್ಕಿಬೀಳುತ್ತದೆ. ಚುಕ್ಕೆಗಳು ಮಾಯವಾದ ಕೂಡಲೇ ಚಿಕಿತ್ಸೆ ನಿಲ್ಲಿಸಬೇಡಿ.

ಉತ್ತರ 2: ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪ್ ಸದಾ ನಡೆಯುತ್ತಿರಲಿ. ಫಿಲ್ಟರಿನಲ್ಲಿರುವ ಇದ್ದಿಲನ್ನು ತೆಗೆದಿಡಿ, ಇಲ್ಲವಾದರೆ ಅದು ಔಷಧಿಯನ್ನೇ ಹೀರಿಬಿಡುತ್ತದೆ. ನಾನು ಒಮ್ಮೆ ಹೀಗೆಯೇ ಮೂರು ದಿನ ವ್ಯರ್ಥ ಮಾಡಿದ್ದೆ.

ಪ್ರಶ್ನಿಸಿದವರು: ಇದ್ದಿಲು ಒಳಗೇ ಇತ್ತು, ಈಗಷ್ಟೇ ತೆಗೆದೆ.